ಆಟದ ಸರ್ವರ್‌ಗೆ ಹೊಸ ಆವೃತ್ತಿ: ಹಾಕುವ ಮೊದಲು

ನಿಮ್ಮ ಮನೆಯ ಹಳೆಯ ಕಂಪ್ಯೂಟರೊಂದರಲ್ಲಿ ಆಟದ ಸರ್ವರ್ ನಡೆಯುತ್ತಿದೆ ಎಂದುಕೊಳ್ಳಿ. ನೆರೆಮನೆಯ ಮಕ್ಕಳು ಎರಡು ವರ್ಷಗಳಿಂದ ಅದರೊಳಗೆ ಕೋಟೆ, ಸೇತುವೆ, ಸುರಂಗಗಳನ್ನು ಕಟ್ಟಿದ್ದಾರೆ. ಒಂದು ಸಂಜೆ ಅವರಲ್ಲೊಬ್ಬ ಬಂದು "ಹೊಸ ವರ್ಷನ್ ಬಂದಿದೆಯಂತೆ, ಯಾವಾಗ ಹಾಕ್ತೀರಿ?" ಎನ್ನುತ್ತಾನೆ. ಹೊಸ ಸಂಕೇತವನ್ನು ತರಿಸಿಕೊಳ್ಳಲು ಒಂದೇ ಸಾಲಿನ ಆಜ್ಞೆ ಸಾಕು. ಆದರೆ ಆ ಸಾಲನ್ನು ಒತ್ತುವ ಮೊದಲು ಒಂದು ವಿಷಯ ತಿಳಿದಿರಬೇಕು: ತಂತ್ರಾಂಶವನ್ನು ಹಿಂದಕ್ಕೆ ತರಬಹುದು, ಮಕ್ಕಳು ಕಟ್ಟಿದ ಲೋಕವನ್ನು ಹಾಗೆ ತರಲಾಗದು.

ಉದಾಹರಣೆಗೆ ಲುವಾಂಟಿಯನ್ನೇ ನೋಡೋಣ. ಫಿನ್ಲೆಂಡಿನ ಪೆರ್ಟು ಅಹೋಲ 2010ರಲ್ಲಿ ಮೈನ್‌ಟೆಸ್ಟ್ ಎಂಬ ಹೆಸರಿನಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶಕ್ಕೆ 2024ರಲ್ಲಿ ಈಗಿನ ಹೆಸರು ಬಂತು. ಇದರ ಆಕರ ಸಂಕೇತವಿರುವುದು ಗಿಟ್ ಕೋಶದಲ್ಲಿ. ಲಿನಕ್ಸ್ ತಿರುಳಿನ ಕೆಲಸಕ್ಕಾಗಿ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್, ಅಂಗಡಿಯ ಕಿರ್ದಿ ಪುಸ್ತಕದಂತೆ. ಹಳೆಯ ನಮೂದನ್ನು ಅಳಿಸುವುದಿಲ್ಲ. ಹೊಸದನ್ನು ಕೆಳಗೆ ಸೇರಿಸುತ್ತ ಹೋಗುತ್ತದೆ. ಪ್ರತಿ ನಮೂದಿಗೂ 40 ಅಂಕೆ-ಅಕ್ಷರಗಳ ಗುರುತು ಇರುತ್ತದೆ. ಆ ಗುರುತು ಗೊತ್ತಿದ್ದರೆ ಸಂಕೇತವನ್ನು ಅಂದಿನ ಸ್ಥಿತಿಗೆ ಮರಳಿಸಬಹುದು. ಆದ್ದರಿಂದ ಈಗ ನಡೆಯುತ್ತಿರುವ ಆವೃತ್ತಿಯ ಗುರುತನ್ನು ಮೊದಲು ಬರೆದಿಟ್ಟುಕೊಳ್ಳಿ.

ಆದರೆ ಲೋಕದ ನಕ್ಷೆ ಈ ಕಿರ್ದಿಯಲ್ಲಿಲ್ಲ! ಅದು ಬೇರೆಯೇ ಕಡತ. ಲುವಾಂಟಿ ತನ್ನ ಲೋಕವನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ 16 ಘನಗಳಿರುವ ತುಂಡುಗಳಾಗಿ ಕತ್ತರಿಸಿ ದತ್ತಸಂಚಯದಲ್ಲಿ ಇಡುತ್ತದೆ. ಪ್ರತಿ ತುಂಡಿನ ತಲೆಯಲ್ಲಿ ಅದು ಯಾವ ರೂಪದಲ್ಲಿದೆ ಎಂದು ಹೇಳುವ ಸಂಖ್ಯೆ ಇರುತ್ತದೆ. 2022ರಲ್ಲಿ ಹೊರಬಂದ 5.5 ಆವೃತ್ತಿಯಲ್ಲಿ ತುಂಡುಗಳನ್ನು ಕುಗ್ಗಿಸಿಡುವ ವಿಧಾನ ಝೆಡ್‌ಲಿಬ್‌ನಿಂದ ಝೆಡ್‌ಸ್ಟ್ಯಾಂಡರ್ಡ್‌ಗೆ ಬದಲಾಯಿತು. ಸಂಖ್ಯೆ 28 ಇದ್ದದ್ದು 29 ಆಯಿತು. ಹೊಸ ಸರ್ವರ್ 28ನ್ನೂ ಓದುತ್ತದೆ. ಹಳೆಯದಕ್ಕೆ 29 ಅರ್ಥವಾಗದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎಲ್ಲ ತುಂಡುಗಳೂ ಒಮ್ಮೆಲೇ ಬದಲಾಗುವುದಿಲ್ಲ. ಯಾವ ತುಂಡನ್ನು ಸರ್ವರ್ ಮತ್ತೆ ಉಳಿಸುತ್ತದೋ ಅದು ಮಾತ್ರ ಹೊಸ ರೂಪ ತಾಳುತ್ತದೆ. ಹೊಸ ಆವೃತ್ತಿ ಹಾಕಿದ ಸಂಜೆ ಮಕ್ಕಳು ಎಲ್ಲಿ ಆಡಿದರೋ, ಎಂದರೆ ಅವರ ಕೋಟೆಯ ಸುತ್ತ, ಅಲ್ಲೇ ಮೊದಲು ಬದಲಾವಣೆ. ಯಾರೂ ಕಾಲಿಡದ ಬೆಟ್ಟಗುಡ್ಡಗಳು ಹಳೆಯ ರೂಪದಲ್ಲೇ ಉಳಿದಿರುತ್ತವೆ. ಏನೋ ಸರಿಹೋಗಲಿಲ್ಲವೆಂದು ಮರುದಿನ ಸಂಕೇತವನ್ನು 5.4ಕ್ಕೆ ಇಳಿಸಿದಿರೋ, ಬೆಟ್ಟ ಓದಲು ಸಿಗುತ್ತದೆ, ಕೋಟೆ ಸಿಗುವುದಿಲ್ಲ.

ಹಾಗಾಗಿ ಮೊದಲ ಕೆಲಸ ಪ್ರತಿ ಮಾಡುವುದು. ಸರ್ವರ್ ನಡೆಯುತ್ತಿರುವಾಗ ಕಡತವನ್ನು ನಕಲಿಸಿದರೆ ಅರ್ಧ ಬರೆದ ಸ್ಥಿತಿಯೇ ನಕಲಾಗಬಹುದು. ಅದನ್ನು ನಿಲ್ಲಿಸಿಯೇ ನಕಲಿಸಿ. ನಕ್ಷೆಯನ್ನಷ್ಟೇ ಅಲ್ಲ, ಲೋಕದ ಇಡೀ ಕಡತಕೋಶವನ್ನು ತೆಗೆದಿಡಿ. ಆಟಗಾರರ ಚೀಲದಲ್ಲಿರುವ ವಸ್ತುಗಳು, ಗುಪ್ತಪದಗಳು ಬೇರೆ ಕಡತಗಳಲ್ಲಿರುತ್ತವೆ.

ಬಳಿಕ ಸಂಕೇತ. 'ಪುಲ್' ಆಜ್ಞೆ ಹೊಸದನ್ನು ತಂದು ಕೂಡಲೇ ನಿಮ್ಮದರೊಂದಿಗೆ ಬೆರೆಸಿಬಿಡುತ್ತದೆ. 'ಫೆಚ್' ಹಾಗಲ್ಲ, ತಂದು ಪಕ್ಕದಲ್ಲಿಡುತ್ತದೆ. ಏನು ಬದಲಾಗಿದೆಯೆಂದು ಓದಿ ನೋಡಲು ಅವಕಾಶವಿರುತ್ತದೆ. ಮುಖ್ಯ ಶಾಖೆಯ ತುದಿಯಲ್ಲಿರುವುದು ಇನ್ನೂ ಕೆಲಸ ನಡೆಯುತ್ತಿರುವ ಸಂಕೇತ. ಮಕ್ಕಳ ಸರ್ವರ್‌ಗೆ ಅದು ಬೇಡ. ಬಿಡುಗಡೆಯ ಸಂಖ್ಯೆ ಹೊತ್ತ ಗುರುತುಪಟ್ಟಿಯನ್ನೇ ಆರಿಸಿಕೊಳ್ಳಿ. ಇದು ಸಿ++ ಭಾಷೆಯ ಸಂಕೇತವಾದ್ದರಿಂದ ಮತ್ತೆ ಕಂಪೈಲ್ ಮಾಡಬೇಕು. 5.5ರಲ್ಲಾದಂತೆ ಹೊಸ ಲೈಬ್ರರಿ ಬೇಕಾದರೆ ಕೆಲಸ ಅರ್ಧಕ್ಕೇ ನಿಲ್ಲಬಹುದು. ಇದನ್ನೆಲ್ಲ ಬೇರೊಂದು ಕಡತಕೋಶದಲ್ಲಿ ಮಾಡಿದರೆ ಹಳೆಯ ಸರ್ವರ್‌ಗೆ ಏನೂ ಧಕ್ಕೆಯಿಲ್ಲ.

ಸಿದ್ಧವಾದ ಸರ್ವರ್‌ಗೆ ಲೋಕದ ಇನ್ನೊಂದು ನಕಲನ್ನು ಕೊಟ್ಟು, ಎಂದಿನ 30000 ಪೋರ್ಟ್ ಬದಲು 30001ರಲ್ಲಿ ನಡೆಸಿ ನೋಡಿ. ಕೋಟೆಯ ಸುತ್ತ ಒಂದು ಸುತ್ತು ಹಾಕಿ. ಗೋಡೆಯ ನಡುವೆ 'ಅಪರಿಚಿತ' ಎಂಬ ಘನಗಳು ಕಂಡರೆ ಯಾವುದೋ ಮಾಡ್ ಸಿಗುತ್ತಿಲ್ಲವೆಂದು ಅರ್ಥ. ಯಂತ್ರ, ಆಟ, ಮಾಡ್‌ಗಳು ಸಾಮಾನ್ಯವಾಗಿ ಬೇರೆ ಬೇರೆ ಕೋಶಗಳಲ್ಲಿರುತ್ತವೆ. ಒಂದನ್ನು ನವೀಕರಿಸಿದರೆ ಉಳಿದವು ತಾವಾಗಿ ಹಿಂಬಾಲಿಸುವುದಿಲ್ಲ.

ಇನ್ನೊಂದು ಎಚ್ಚರಿಕೆ. ಲೋಕದ ಕಡತಕೋಶ ಸಂಕೇತದ ಒಳಗೇ ಇದ್ದರೂ ಗಿಟ್ ಅದನ್ನು 'ಕಡೆಗಣಿಸಬೇಕಾದ' ಪಟ್ಟಿಯಲ್ಲಿ ಇಟ್ಟಿರುತ್ತದೆ. ಅದು ಸುರಕ್ಷಿತವೆಂದು ತಿಳಿಯಬೇಡಿ. ಕಸ ಗುಡಿಸಲೆಂದು 'ಕ್ಲೀನ್' ಆಜ್ಞೆಯನ್ನು 'ಡಿ', 'ಎಕ್ಸ್' ಆಯ್ಕೆಗಳೆರಡರೊಡನೆ ಬಲವಂತವಾಗಿ ನಡೆಸಿದರೆ ಕಡೆಗಣಿಸಿದ್ದೆಲ್ಲವೂ ಅಳಿಸಿಹೋಗುತ್ತದೆ, ಲೋಕವೂ ಸೇರಿ.

ಎಲ್ಲ ಸರಿಯೆನಿಸಿದ ಮೇಲೂ ಹಳೆಯ ಪ್ರತಿಯನ್ನು ಒಂದೆರಡು ವಾರ ಇಟ್ಟುಕೊಳ್ಳಿ. ಅದಕ್ಕೆ ಮರಳಬೇಕಾಗಿ ಬಂದರೆ ನಡುವೆ ಕಟ್ಟಿದ್ದೆಲ್ಲ ಹೋಗುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಅಷ್ಟು ದಿನ ದೊಡ್ಡ ಅರಮನೆಗೆ ಕೈಹಾಕದೆ ತೋಟದ ಬೇಲಿ ಹಾಕಿಕೊಂಡಿರಲಿ.