ಕ್ಯಾಮೆರಾದ ಆಟೊಫೋಕಸ್ ಎಷ್ಟು ನಂಬಬಹುದು?



ನಮ್ಮ ಕಾರ್ಯಕ್ರಮಗಳ ಫೋಟೊ ತೆಗೆಯುವ ಕೆಲವು ಸದಸ್ಯರು ಹಳೆಯ ವೃತ್ತಿಪರ ಡಿಜಿಟಲ್ ಕ್ಯಾಮೆರಾಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವ ಯೋಚನೆಯಲ್ಲಿದ್ದಾರೆ. ದೊಡ್ಡ ಕ್ಯಾಮೆರಾ ಎಂದ ಮೇಲೆ ಫೋಕಸ್ ತಪ್ಪದು ಎಂಬ ನಂಬಿಕೆ ಸಾಮಾನ್ಯ. ಆದ್ದರಿಂದ ಈ ನಾಲ್ಕು ಮಾತು.

ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಮುಖ್ಯ ಕನ್ನಡಿ ಇರುತ್ತದೆ. ಅದರ ನಡುಭಾಗ ಅರೆಪಾರದರ್ಶಕ. ಅಲ್ಲಿಂದ ದಾಟಿದ ಬೆಳಕನ್ನು ಹಿಂದಿರುವ ಚಿಕ್ಕ ಉಪಕನ್ನಡಿ ಕೆಳಗಿನ ಫೋಕಸ್ ಸೆನ್ಸರಿಗೆ ತಿರುಗಿಸುತ್ತದೆ. ಲೆನ್ಸಿನ ಎರಡು ಬದಿಗಳಿಂದ ಬಂದ ಬಿಂಬಗಳನ್ನು ಸೆನ್ಸರ್ ಹೋಲಿಸಿ, ಲೆನ್ಸ್ ಯಾವ ಕಡೆಗೆ, ಎಷ್ಟು ಸರಿಯಬೇಕೆಂದು ತಿಳಿಸುತ್ತದೆ. ಪ್ರತಿ ಚಿತ್ರಕ್ಕೂ ಎರಡೂ ಕನ್ನಡಿಗಳು ಎದ್ದು, ಮತ್ತೆ ಅದೇ ಜಾಗದಲ್ಲಿ ಕೂರಬೇಕು.

2007ರಲ್ಲಿ ಬಂದ ಕ್ಯಾನನ್ ಇಒಎಸ್-1ಡಿ ಮಾರ್ಕ್ 3 ಸೆಕೆಂಡಿಗೆ 10 ಚಿತ್ರ ತೆಗೆಯುತ್ತಿತ್ತು. 45 ಫೋಕಸ್ ಬಿಂದುಗಳಿದ್ದವು. ಆದರೆ ಬಿಸಿಲಿನಲ್ಲಿ ಓಡುವವರನ್ನು ಹಿಂಬಾಲಿಸುವಾಗ ಫೋಕಸ್ ಜಾರುತ್ತದೆ ಎಂದು ಛಾಯಾಗ್ರಾಹಕ ರಾಬ್ ಗಾಲ್‌ಬ್ರೈತ್ ಪರೀಕ್ಷಿಸಿ ಬರೆದರು. ಅದೇ ವರ್ಷ ಸಂಸ್ಥೆಯು ಉಪಕನ್ನಡಿಯ ಭಾಗದಲ್ಲಿ ತೊಂದರೆ ಇದೆಯೆಂದು ಒಪ್ಪಿ, ಉಚಿತ ದುರಸ್ತಿಗೆ ವ್ಯವಸ್ಥೆ ಮಾಡಿತು. ಅಂಗಡಿಯ ನೆರಳಲ್ಲಿ ನಿಂತ ವಸ್ತುವಿನ ಚಿತ್ರ ತೆಗೆದಿದ್ದರೆ ಈ ದೋಷ ಕಾಣುತ್ತಿರಲಿಲ್ಲ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ಸದಾ 5 ನಿಮಿಷ ಹಿಂದೆ ಇರುವ ಗಡಿಯಾರವನ್ನು ಲೆಕ್ಕ ಹಾಕಿ ಬಳಸಬಹುದು. ಒಂದು ದಿನ ಹಿಂದೆ, ಒಂದು ದಿನ ಮುಂದೆ ಓಡುವುದನ್ನು ಏನು ಮಾಡುವುದು? ಫೋಕಸ್ ಯಾವಾಗಲೂ ಒಂದೇ ಅಳತೆಯಲ್ಲಿ ಹಿಂದೆ ಬೀಳುತ್ತಿದ್ದರೆ, ಹಲವು ಕ್ಯಾಮೆರಾಗಳಲ್ಲಿರುವ ಮೈಕ್ರೊ ಅಡ್ಜಸ್ಟ್‌ಮೆಂಟ್‌ನಿಂದ ಸರಿಮಾಡಬಹುದು. ಒಮ್ಮೆ ಹಿಂದೆ, ಒಮ್ಮೆ ಮುಂದೆ ಬೀಳುವುದಕ್ಕೆ ಆ ಮದ್ದು ನಾಟದು, ದುರಸ್ತಿಯೇ ಬೇಕು.

ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಚಿತ್ರ ಮೂಡುವ ಸೆನ್ಸರೇ ಫೋಕಸನ್ನೂ ಅಳೆಯುತ್ತದೆ. ಹಾಗಾಗಿ ಕನ್ನಡಿಯ ತಾಪತ್ರಯವಿಲ್ಲ. ಆದರೂ ಮಂದ ಬೆಳಕು, ಬರಿಯ ಬಿಳಿ ಗೋಡೆ ಅವಕ್ಕೂ ಕಷ್ಟವೇ.

ಕೊಳ್ಳುವ ಮುನ್ನ ಹೀಗೆ ಮಾಡಿ:

1. ಕ್ಯಾಮೆರಾವನ್ನು ಹೊರಗೆ ಬಿಸಿಲಿಗೆ ತನ್ನಿ. ಸೊಲ್ಲಾಪುರ, ಆದೋನಿಯವರಿಗೆ ಬಿಸಿಲಿನ ಬರವಿಲ್ಲ!
2. ನಿರಂತರ ಫೋಕಸ್‌ಗೆ ಇಟ್ಟು, ಅಪರ್ಚರ್ ಪೂರ್ತಿ ತೆರೆಯಿರಿ.
3. ಸೈಕಲ್ಲಿನಲ್ಲಿ ಎದುರಿಗೆ ಬರುವವರ 30 ಚಿತ್ರ ತೆಗೆಯಿರಿ.
4. ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಸ್ಪಷ್ಟವಾದವೆಷ್ಟು ಎಂದು ಎಣಿಸಿ. ಒಂದೆರಡು ತಪ್ಪಿದರೆ ಚಿಂತೆಯಿಲ್ಲ. ಕಾರಣವಿಲ್ಲದೆ ಸಾಲಾಗಿ ತಪ್ಪಿದರೆ ಆ ಕ್ಯಾಮೆರಾ ಬೇಡ.
5. ಸಂಜೆ, ಸಭಾಂಗಣದ ದೀಪದಲ್ಲೂ ಇದನ್ನೇ ನಡೆಯುತ್ತ ಬರುವವರೊಂದಿಗೆ ಮಾಡಿ ನೋಡಿ.

ಹಿರಿಯರೊಬ್ಬರಿಗೆ ಶಾಲು ಹೊದಿಸುವ ಗಳಿಗೆ ಮತ್ತೆ ಬರುವುದಿಲ್ಲ. ಮುಖ ಮಸುಕಾಗಿ ಹಿಂದಿನ ಬ್ಯಾನರ್ ಸ್ಪಷ್ಟವಾದರೆ ಆ ಮನೆಯವರಿಗೆ ನಾವು ಕೊಡುವುದೇನು?

— ಕಾರ್ಯದರ್ಶಿ