ಕತ್ತಲೆಯ ರಾಜಕುಮಾರನ ಮೇಲಿನ ಅಪವಾದ

ಬರ್ಮಿಂಗ್‌ಹ್ಯಾಮಿನ ಬೀದಿಗಳಲ್ಲಿ ಕೈಗಾಡಿ ತಳ್ಳಿಕೊಂಡು ಸೀಮೆಎಣ್ಣೆ ಮಾರುತ್ತಿದ್ದ ಜೋಸೆಫ್ ಲ್ಯೂಕಸ್ ಎಂಬಾತನು ಮುಂದೆ ಬೈಸಿಕಲ್ ದೀಪಗಳ ತಯಾರಿಕೆಗೆ ಕೈಹಾಕಿ, ತನ್ನ ದೀಪಕ್ಕೆ ‘ದಾರಿಯ ದೊರೆ’ ಎಂಬ ಅರ್ಥದ ಹೆಸರನ್ನಿಟ್ಟನು. ಆತನ ಹೆಸರಿನ ಸಂಸ್ಥೆಯು ಇಪ್ಪತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ಬಹುಪಾಲು ಮೋಟಾರ್ ಸೈಕಲ್ಲುಗಳಿಗೆ ಡೈನಮೋ, ದೀಪ, ಹಾರ್ನುಗಳನ್ನು ಒದಗಿಸಿತು. ಆದರೆ ಸವಾರರು ಆ ದೊರೆತನವನ್ನು ಒಪ್ಪಲಿಲ್ಲ. ನಡುರಾತ್ರಿ ನಡುದಾರಿಯಲ್ಲಿ ದೀಪ ಆರಿ ಕಂಗೆಟ್ಟವರು ಲ್ಯೂಕಸನಿಗೆ ‘ಕತ್ತಲೆಯ ರಾಜಕುಮಾರ’ ಎಂಬ ಬಿರುದನ್ನು ದಯಪಾಲಿಸಿದರು. ಹಳೆಯ ವಾಹನಗಳ ಅಭಿಮಾನಿಗಳ ಬಾಯಲ್ಲಿ ಆ ಹಾಸ್ಯ ಇಂದಿಗೂ ಸವೆದಿಲ್ಲ.

ಹಾಸ್ಯವೇನೋ ಸೊಗಸಾಗಿದೆ, ನ್ಯಾಯವಾಗಿದೆಯೆಂದು ಹೇಳುವಂತಿಲ್ಲ. ಹಳೆಯ ಯಂತ್ರವೊಂದರ ತಂತಿಗಳನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಿದವನಿಗೆ ಈ ಸಂಗತಿ ಬೇಗನೆ ಮನದಟ್ಟಾಗುತ್ತದೆ.

ಅದೇ ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಕಾರ್ಖಾನೆಯಿಂದ 1950ರ ಮಾದರಿಯಾಗಿ ಹೊರಬಂದ ಬಿ.ಎಸ್.ಎ. ಗೋಲ್ಡನ್ ಫ್ಲಾಶ್ ಯಂತ್ರವನ್ನೇ ನೋಡೋಣ. ಬರ್ಟ್ ಹಾಪ್‌ವುಡ್ ರೂಪಿಸಿದ ಇದರ ಎಂಜಿನಿಗೆ ಎರಡು ಸಿಲಿಂಡರು, 646 ಘನ ಸೆಂಟಿಮೀಟರು. ಇದರಲ್ಲಿ ವಿದ್ಯುತ್ತಿನ ಎರಡು ಸಂಸಾರಗಳು ಬೇರೆ ಬೇರೆಯಾಗಿ ನಡೆಯುತ್ತವೆ. ಎಂಜಿನಿಗೆ ಬೇಕಾದ ಕಿಡಿಯನ್ನು ಮ್ಯಾಗ್ನೆಟೋ ತಾನೇ ಹುಟ್ಟಿಸಿಕೊಳ್ಳುತ್ತದೆ. ದೀಪ, ಹಾರ್ನು, ಬ್ಯಾಟರಿಗಳ ಯೋಗಕ್ಷೇಮ ಡೈನಮೋವಿನದು. ಬ್ಯಾಟರಿಯನ್ನು ಕಳಚಿ ಮನೆಯಲ್ಲಿಟ್ಟರೂ ಗಾಡಿ ಓಡುತ್ತದೆ. ಹಗಲಿನಲ್ಲಿ ಇದು ಅನುಕೂಲವೇ ಸರಿ. ಆದರೆ ರಾತ್ರಿ ಗಂಟೆಗೆ ಐವತ್ತು ಮೈಲಿ ವೇಗದಲ್ಲಿ ಹೋಗುವಾಗ ದೀಪ ಮಾತ್ರ ಆರಿ, ಎಂಜಿನು ಅದೇ ಹುರುಪಿನಲ್ಲಿ ಮುನ್ನುಗ್ಗುತ್ತಿದ್ದರೆ ಸವಾರನ ಗತಿಯೇನು?

ಈ ಡೈನಮೋ ಆರು ವೋಲ್ಟಿನದು. ಹೆಚ್ಚೆಂದರೆ 60 ವ್ಯಾಟಿನಷ್ಟು ಶಕ್ತಿ ಕೊಡಬಲ್ಲುದು. ಮನೆಯಲ್ಲಿ ಹಿಂದೆ ಉರಿಯುತ್ತಿದ್ದ 60 ವ್ಯಾಟಿನ ಬಲ್ಬೊಂದಕ್ಕೆ ಸಾಲುವಷ್ಟು. ಮನೆಯ 230 ವೋಲ್ಟಿನಲ್ಲಿ ಆ ಬಲ್ಬಿಗೆ ಹರಿಯುವ ಪ್ರವಾಹ ಸುಮಾರು ಕಾಲು ಆಂಪಿಯರ್. ಆರು ವೋಲ್ಟಿನಲ್ಲಿ ಅಷ್ಟೇ ಶಕ್ತಿ ಸಾಗಬೇಕಾದರೆ ಹತ್ತು ಆಂಪಿಯರ್ ಹರಿಯಬೇಕು. ಒತ್ತಡ ಕಡಿಮೆ, ಹೊಳೆ ದೊಡ್ಡದು. ಇಂಥ ಏರ್ಪಾಡಿನಲ್ಲಿ ತುಕ್ಕು ಹಿಡಿದ ಒಂದು ಬೆಸುಗೆ, ಸಡಿಲವಾದ ಒಂದು ತಿರುಪು ಏನು ಮಾಡಬಲ್ಲುದೆಂಬುದನ್ನು ಊಹಿಸಬಹುದು. ದಾರಿಯಲ್ಲಿ ಒಂದೇ ಒಂದು ವೋಲ್ಟು ಸೋರಿಹೋದರೆ ಬಲ್ಬಿನ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಲ್ಬು ಕೆಟ್ಟಿಲ್ಲ, ಡೈನಮೋ ಕೆಟ್ಟಿಲ್ಲ; ಬೈಗುಳ ಮಾತ್ರ ಲ್ಯೂಕಸನಿಗೆ.

ಸೋರಿಕೆಯ ದೊಡ್ಡ ತಾಣ ತಂತಿಯಲ್ಲಿ ಅಲ್ಲ, ತಂತಿಯೇ ಇಲ್ಲದ ಕಡೆ ಇದೆ. ಮನೆಯಲ್ಲಿ ದೀಪಕ್ಕೆ ಎರಡು ತಂತಿಗಳು ಹೋಗುತ್ತವಷ್ಟೆ. ಇಲ್ಲಿ ಬರುವ ದಾರಿಗೆ ಮಾತ್ರ ತಂತಿ. ಹಿಂತಿರುಗುವ ದಾರಿ ಗಾಡಿಯ ಕಬ್ಬಿಣದ ಚೌಕಟ್ಟೇ. ಇದನ್ನೇ ‘ಅರ್ಥ್’ ಎನ್ನುವುದು. ಮುಂದೀಪದ ಪ್ರವಾಹ ಚೌಕಟ್ಟಿಗೆ ಬರಬೇಕಾದರೆ ಹ್ಯಾಂಡಲಿನ ಬುಡದಲ್ಲಿರುವ ಬೇರಿಂಗಿನ ಗುಂಡುಗಳನ್ನು ದಾಟಬೇಕು, ಅದೂ ಗ್ರೀಸಿನಲ್ಲಿ ಮುಳುಗಿರುವ ಗುಂಡುಗಳನ್ನು. ಇನ್ನು ಬಣ್ಣದ ಮಾತು. ಹಳೆಯ ಗಾಡಿಯನ್ನು ಕೊಂಡವನು ಮೊದಲು ಮಾಡಿಸುವುದು ಕನ್ನಡಿಯಂತೆ ಹೊಳೆಯುವ ದಪ್ಪನೆಯ ಬಣ್ಣ. ಬಣ್ಣದ ಮೂಲಕ ವಿದ್ಯುತ್ತು ಹರಿಯದು. ತುಕ್ಕು ತಿಂದು ನಿಂತಿದ್ದಾಗ ಹೇಗೋ ಉರಿಯುತ್ತಿದ್ದ ದೀಪ, ಮದುವಣಗಿತ್ತಿಯಂತೆ ಸಿಂಗಾರಗೊಂಡ ಮೇಲೆ ಮಂಕಾಗುವುದುಂಟು! ಬಲ್ಲವರು ತಿರುಪು ಕೂರುವೆಡೆಯಲ್ಲಿ ಬಣ್ಣವನ್ನು ಕೆರೆದು ಲೋಹವನ್ನು ಬೆಳಗುತ್ತಾರೆ. ಮುಂದೀಪದಿಂದ ಬ್ಯಾಟರಿಯವರೆಗೆ ಹಿಂದಿರುಗುವ ದಾರಿಗೂ ಪ್ರತ್ಯೇಕ ತಂತಿಯನ್ನೆಳೆಯುತ್ತಾರೆ. ಇಡೀ ಕೆಲಸದಲ್ಲಿ ಇದಕ್ಕಿಂತ ಅಗ್ಗವಾದ ಉಪಕಾರ ಇನ್ನೊಂದಿಲ್ಲ.

ಆ ಕಾಲದ ತಂತಿಯಲ್ಲಿ ತಾಮ್ರದ ಎಳೆಗಳ ಮೇಲೆ ರಬ್ಬರು, ರಬ್ಬರಿನ ಮೇಲೆ ಬಣ್ಣದ ಹತ್ತಿನೂಲಿನ ಹೆಣಿಗೆ. ಎಣ್ಣೆ, ಬಿಸಿ, ಮಳೆಗಳ ಸಹವಾಸದಿಂದ ರಬ್ಬರು ಹಪ್ಪಳದಂತೆ ಒಡೆದು ಉದುರುತ್ತದೆ. ನೂಲುಗಳೆಲ್ಲ ಒಂದೇ ಕಾಫಿಯ ಬಣ್ಣಕ್ಕೆ ತಿರುಗುತ್ತವೆ. ಒಳಗಿನ ತಾಮ್ರ ಕಪ್ಪಿಟ್ಟಿದ್ದರೆ ಬೆಸುಗೆಯೂ ಹಿಡಿಯದು. ಆದ್ದರಿಂದ ತೇಪೆ ಹಾಕುವುದು ವ್ಯರ್ಥ. ಪೆಟ್ರೋಲ್ ಟ್ಯಾಂಕನ್ನು ಇಳಿಸಿ, ಪ್ರತಿಯೊಂದು ತುದಿಗೂ ಚೀಟಿ ಕಟ್ಟಿ, ನಕ್ಷೆ ಬರೆದುಕೊಂಡ ಮೇಲೆಯೇ ಹಳೆಯದನ್ನು ಬಿಚ್ಚುವುದು ಜಾಣತನ. ಹೊಸ ತಂತಿ ದೀಪಗಳಿಗೆ 14 ಎಳೆಯದಾದರೆ, ಡೈನಮೋ ಬ್ಯಾಟರಿಗಳ ಮುಖ್ಯದಾರಿಗೆ 28 ಎಳೆಯದು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ತಂತಿ ಎಲ್ಲಿಯೂ ಬಿಗಿಯದಂತೆ ಸಡಿಲ ಬಿಡಬೇಕು. ಹಳೆಯ ತಂತಿಗಳು ತೇಯ್ದು ಬೆತ್ತಲಾಗಿರುವುದು ಬಹುಮಟ್ಟಿಗೆ ಇದೇ ತಿರುವಿನಲ್ಲಿ.

ಇನ್ನೊಂದು ವಿಚಿತ್ರವುಂಟು. ಇಂದಿನ ವಾಹನಗಳಲ್ಲಿ ಬ್ಯಾಟರಿಯ ಋಣಧ್ರುವ ಚೌಕಟ್ಟಿಗೆ ಸೇರಿದರೆ, 1950ರ ದಶಕದ ಬ್ರಿಟಿಷ್ ಯಂತ್ರಗಳಲ್ಲಿ ಸೇರುತ್ತಿದ್ದುದು ಧನಧ್ರುವ. ರೂಢಿಯ ಕೈಯಿಂದ ಬ್ಯಾಟರಿಯನ್ನು ಕೂರಿಸಿದವನು ತಲೆಕೆಳಗು ಮಾಡಿಬಿಡುತ್ತಾನೆ. ಡೈನಮೋ ಒಂದು ದಿಕ್ಕಿಗೆಳೆದರೆ ಬ್ಯಾಟರಿ ಇನ್ನೊಂದಕ್ಕೆಳೆದು ರೆಗ್ಯುಲೇಟರಿನ ಸಂಪರ್ಕಗಳು ಸುಟ್ಟುಹೋಗಬಹುದು. ಡೈನಮೋವಿನ ಕಬ್ಬಿಣದಲ್ಲಿ ಉಳಿದಿರುವ ಅಲ್ಪ ಅಯಸ್ಕಾಂತತೆಯೇ ಅದರ ದಿಕ್ಕನ್ನು ನಿರ್ಧರಿಸುತ್ತದೆ. ಬಹುಕಾಲ ಸುಮ್ಮನಿದ್ದ ಡೈನಮೋವಿಗೆ ಈ ನೆನಪನ್ನು ಮತ್ತೆ ಮೂಡಿಸಬೇಕಾಗುತ್ತದೆ: ‘ಎಫ್’ ಗುರುತಿನ ತಂತಿಯನ್ನು ರೆಗ್ಯುಲೇಟರಿನಿಂದ ಬಿಡಿಸಿ, ಬ್ಯಾಟರಿಯ ಋಣಧ್ರುವಕ್ಕೆ ಒಂದು ಕ್ಷಣ ಮುಟ್ಟಿಸಿದರೆ ಸಾಕು. ಸಣ್ಣದೊಂದು ಕಿಡಿ, ಅಷ್ಟೆ.

ನೂಲು ಹೆಣೆದ ತಂತಿಯೇ ಬೇಕೆಂದು ಹಟ ಹಿಡಿಯುವ ನಿಷ್ಠಾವಂತರಿಗೆ, ಒಳಗೆ ಪ್ಲಾಸ್ಟಿಕ್ಕಿನ ಹೊದಿಕೆಯೂ ಹೊರಗೆ ಹತ್ತಿಯ ಹೆಣಿಗೆಯೂ ಇರುವ ತಂತಿ ಈಗ ಸಿಗುತ್ತದೆ. ಇದರಲ್ಲಿ ಆಕ್ಷೇಪಿಸುವಂಥದೇನೂ ಇಲ್ಲ. ಆದರೆ ಅಂದಿನ ಹಲವು ಯಂತ್ರಗಳಲ್ಲಿ ಫ್ಯೂಸೇ ಇರಲಿಲ್ಲವೆಂಬ ಕಾರಣಕ್ಕೆ ಇಂದೂ ಬೇಡವೆನ್ನುವುದು ನಿಷ್ಠೆಯಲ್ಲ, ಮೊಂಡುತನ. ಬೆತ್ತಲಾದ ತಂತಿಯೊಂದು ಚೌಕಟ್ಟಿಗೆ ತಗುಲಿದರೆ ಬ್ಯಾಟರಿಯ ಶಕ್ತಿಯೆಲ್ಲ ಅದರಲ್ಲೇ ನುಗ್ಗಿ ತಂತಿ ಕೆಂಪಗೆ ಕಾಯುತ್ತದೆ. ಅದರ ಮೇಲೆಯೇ ಪೆಟ್ರೋಲ್ ಟ್ಯಾಂಕು ಕುಳಿತಿರುತ್ತದೆ. ಬ್ಯಾಟರಿಯ ಪಕ್ಕದಲ್ಲಿ 15 ಆಂಪಿಯರಿನ ಫ್ಯೂಸೊಂದನ್ನು ಕೂರಿಸುವುದು ಅರ್ಧ ಗಂಟೆಯ ಕೆಲಸ. ಪ್ರದರ್ಶನಗಳಿಗೆ ಗಾಡಿ ಒಯ್ಯುವವರು, ತೀರ್ಪುಗಾರರ ಕಣ್ಣಿಗೆ ಬೀಳದಿರಲೆಂದು, ಅದನ್ನು ಸೀಟಿನ ಅಡಿಯಲ್ಲಿ ಬಚ್ಚಿಡುತ್ತಾರೆ.