ನಾನೇ ಹಾಕಿದ ಪುಟ ಸಂಖ್ಯೆ

ವಿಶ್ವವಿದ್ಯಾಲಯದ ಹಿಂಬದಿ ಗೇಟಿನ ಎದುರು ನನ್ನದೊಂದು ಡಿಟಿಪಿ ಅಂಗಡಿ. ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮಷಿನ್ನು, ಸ್ಪೈರಲ್ ಹಾಕುವ ಯಂತ್ರ. ರೆಕ್ಸಿನ್ ಹೊದಿಸಿ ಬಂಗಾರದ ಅಕ್ಷರ ಒತ್ತಿಸುವುದಕ್ಕೆ ಮಾತ್ರ ಪೇಟೆಗೆ ಕಳಿಸುತ್ತೇನೆ. 22 ವರ್ಷದಲ್ಲಿ ಎಷ್ಟು ಪಿಎಚ್.ಡಿ ಮಹಾಪ್ರಬಂಧ ಟೈಪ್ ಮಾಡಿದೆನೋ ಲೆಕ್ಕ ಇಟ್ಟಿಲ್ಲ. ವಚನ ಸಾಹಿತ್ಯದಿಂದ ಹಿಡಿದು ಒಣಮೆಣಸಿನಕಾಯಿಯ ದರದವರೆಗೆ ಎಲ್ಲವೂ ಈ ಬೆರಳುಗಳಲ್ಲಿ ಹಾದುಹೋಗಿದೆ. ನಾನು ಓದಿದ್ದು ಬರೀ ಬಿ.ಎ. ಆದರೂ ಸಂಶೋಧನೆಯಲ್ಲಿ ಎಲ್ಲಿ ಕಳ್ಳತನ ನಡೆಯುತ್ತದೆ ಎಂಬುದು ಎಷ್ಟೋ ಸಲ ಮಾರ್ಗದರ್ಶಕರಿಗಿಂತ ಮೊದಲು ನಮ್ಮಂಥವರಿಗೆ ಗೊತ್ತಾಗುತ್ತದೆ. ಅವರು ಓದುವುದು ಅಚ್ಚುಕಟ್ಟಾದ ಪ್ರಿಂಟು. ನಮ್ಮ ಕೈಗೆ ಬರುವುದು ಪೆನ್‌ಡ್ರೈವಿನ ಹಸಿ ಫೈಲು.

ಹಸಿ ಫೈಲು ಎಲ್ಲ ಹೇಳಿಬಿಡುತ್ತದೆ. ನುಡಿಯಲ್ಲಿ ಟೈಪಾಗಿ ಬಂದ ಅಧ್ಯಾಯದ ನಡುವೆ ಒಂದು ಪ್ಯಾರಾ ಇದ್ದಕ್ಕಿದ್ದಂತೆ ತುಂಗಾ ಫಾಂಟಿನಲ್ಲಿರುತ್ತದೆ. ಅದರಲ್ಲೂ ನಾಲ್ಕಾರು ಪದ ನೀಲಿ. ಒಮ್ಮೆಯಂತೂ ‘ಇತಿಹಾಸ’ ಎಂಬ ಉಪಶೀರ್ಷಿಕೆಯ ಪಕ್ಕದಲ್ಲೇ ಕಂಸದೊಳಗೆ ‘ಬದಲಾಯಿಸಿ’ ಅಂತ ಇತ್ತು. ವಿಕಿಪೀಡಿಯದಿಂದ ಎತ್ತಿ ತಂದವನು ಅದನ್ನಾದರೂ ಅಳಿಸಬಾರದಿತ್ತೇ? ಕೇಳಿದರೆ, “ಎಲ್ಲಾ ಒಂದೇ ಫಾಂಟ್ ಮಾಡಿಬಿಡ್ರಿ ಅಕ್ಕಾ” ಎಂದ.

ಇದಕ್ಕೆ ಈಗ ಕಾಯ್ದೆ ಇದೆ. 2018ರಲ್ಲಿ ಯುಜಿಸಿ ಕೃತಿಚೌರ್ಯ ತಡೆಯಲೆಂದೇ ನಿಯಮಾವಳಿ ತಂದಿತು. ಬೇರೆ ಬರಹಗಳ ಜೊತೆ ಹೋಲಿಕೆ ಶೇ. 10ರೊಳಗಿದ್ದರೆ ದಂಡನೆ ಇಲ್ಲ. 10 ದಾಟಿ 40ರವರೆಗಿದ್ದರೆ 6 ತಿಂಗಳೊಳಗೆ ತಿದ್ದಿ ಮತ್ತೆ ಕೊಡಬೇಕು. 40 ದಾಟಿದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ. 60 ದಾಟಿತೋ, ನೋಂದಣಿಯೇ ರದ್ದು. ಉದ್ಧರಣ ಚಿಹ್ನೆಯೊಳಗಿಟ್ಟು ಮೂಲ ಹೇಳಿದ ಮಾತು, ಗ್ರಂಥಋಣ, ಪರಿವಿಡಿ, ಕೃತಜ್ಞತೆ ಈ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಬ್ಬರ ಮಾತು ಬಳಸುವುದು ತಪ್ಪಲ್ಲ, ಅವರ ಹೆಸರು ನುಂಗುವುದು ತಪ್ಪು ಅಂತ.

ಹುಡುಗರು ಮಾತ್ರ ಇದನ್ನು ಪರ್ಸೆಂಟೇಜಿನ ಆಟ ಮಾಡಿಕೊಂಡಿದ್ದಾರೆ. ಶೇ. 10 ಎಂದರೆ ಅಷ್ಟು ಕದಿಯಲು ಪರವಾನಗಿ ಎಂದೇ ತಿಳಿದವರಿದ್ದಾರೆ. “ಹಳೇ ನುಡಿಯಾಗ ಹಾಕಿಕೊಡ್ರಿ ಅಕ್ಕಾ, ಪರ್ಸೆಂಟೇಜ್ ಬರಂಗಿಲ್ಲ” ಎಂದು ಪಿಸುಗುಡುತ್ತಾರೆ. ಮಾತು ನಿಜವೇ. ಹಳೆಯ ನುಡಿ ಫಾಂಟು ನಮ್ಮ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ, ಚುಕ್ಕಿ ಗೆರೆಗಳ ಗೋಜಲು. ಹೋಲಿಕೆ ಹುಡುಕುವ ಯಂತ್ರ ಒಳಗಿನ ಸಂಕೇತ ನೋಡುತ್ತದೆಯೇ ಹೊರತು ಅಕ್ಷರದ ಆಕಾರವನ್ನಲ್ಲ. ಯುನಿಕೋಡಿನಲ್ಲಿರುವ ಮೂಲವೂ ಹಳೇ ನುಡಿಯಲ್ಲಿರುವ ನಕಲೂ ಅದಕ್ಕೆ ಬೇರೆ ಬೇರೆ ಭಾಷೆಯಂತೆ. ಇಂಗ್ಲಿಷ್ ಪುಸ್ತಕವನ್ನು ಪುಟಗಟ್ಟಲೆ ಕನ್ನಡಕ್ಕಿಳಿಸಿ ತಮ್ಮದೆಂದರೂ ಅದು ಸುಲಭಕ್ಕೆ ಪತ್ತೆಯಾಗುವುದಿಲ್ಲ. ಈಚೆಗೆ ಎಐ ಕೈಲಿ ಬರೆಸಿ ತರುವ ಅಧ್ಯಾಯಗಳಲ್ಲಿ ಇನ್ನೊಂದು ತಮಾಷೆ: ಗ್ರಂಥಋಣದಲ್ಲಿ ಲೇಖಕರ ಹೆಸರು ಸರಿ, ಅವರು ಆ ಪುಸ್ತಕ ಬರೆದೇ ಇಲ್ಲ. ಯಂತ್ರದ ಕಣ್ಣು ತಪ್ಪಿಸುವ ಕೆಲಸಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾರೆ, ಹೋಗಲಿ.

ಹಿಂದೆ ನಾನೂ ಇಷ್ಟು ನೇಮದವಳಾಗಿರಲಿಲ್ಲ. ಅಡಿಟಿಪ್ಪಣಿ ಎಂದರೆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರುವ ಕಿರಿಕಿರಿ ಅಂದುಕೊಂಡಿದ್ದೆ. ನಿವೃತ್ತ ಪ್ರಾಧ್ಯಾಪಕರೊಬ್ಬರು ತಮ್ಮ ಶಾಸನಗಳ ಲೇಖನ ಟೈಪ್ ಮಾಡಿಸಲು ಬರುತ್ತಿದ್ದರು. ‘ಎ.ಕ.’ ಎಂದರೆ ಎಪಿಗ್ರಾಫಿಯಾ ಕರ್ನಾಟಿಕಾ. ಮುಂದೆ ಸಂಪುಟ, ತಾಲೂಕು, ಶಾಸನದ ಸಂಖ್ಯೆ. ರೈಸ್ ಅವರ ಹಳೆಯ ಸಂಪುಟಗಳದ್ದು ಒಂದು ಸಂಖ್ಯೆ, ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ತಂದ ಸಂಪುಟಗಳದ್ದು ಇನ್ನೊಂದು. ಯಾವುದನ್ನು ನೋಡಿದ್ದೆಂದು ಬರೆಯದಿದ್ದರೆ ಓದುವವನು ಬೇರೆಯದೇ ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾನೆ. ಒಂದು ದಿನ ಅವರು ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ತಂದು ತೋರಿಸಿದರು. ಕ್ರಿ.ಶ. 450ರಿಂದ 1150ರವರೆಗಿನ ಏಳುನೂರು ವರ್ಷದ ಕಥೆ, ಅದೂ ಪಿಎಚ್.ಡಿಗೆಂದೇ ಬರೆದದ್ದು. “ಹೇಳಿದ ಮಾತಿಗೆ ಇಲ್ಲಿ ಸಾಕ್ಷಿ ಕೂತದ ನೋಡವಾ” ಎಂದು ಅಡಿಟಿಪ್ಪಣಿಗಳ ಮೇಲೆ ಬೆರಳಿಟ್ಟರು. ಅಂದಿನಿಂದ ಸಣ್ಣ ಅಕ್ಷರವನ್ನು ನಾನು ಮೊದಲು ಓದುತ್ತೇನೆ.

ಸಾಕ್ಷಿ ಎಂದರೆ ಪುಸ್ತಕವೇ ಆಗಬೇಕಿಲ್ಲ. ಜಾನಪದದವರು ಕೊನೆಯಲ್ಲಿ ವಕ್ತೃಗಳ ಪಟ್ಟಿ ಕೊಡುತ್ತಾರೆ. ಎಷ್ಟೋ ಪ್ರಬಂಧಗಳಲ್ಲಿ ಮಾರ್ಗದರ್ಶಕರ ಮನೆಯವರಿಗೂ ಕೃತಜ್ಞತೆ ಇರುತ್ತದೆ; ಇಡೀ ರಾತ್ರಿ ಬೀಸುವ ಪದ ಹಾಡಿದಾಕೆ ಪಟ್ಟಿಯಲ್ಲಿ ಬರೀ ‘ಅಜ್ಜಿ, 70’. ಆಕೆಗೊಂದು ಹೆಸರಿಲ್ಲವೇ?

ಹೆಸರು ಬರೆಯಬಾರದ ಸಂದರ್ಭವೂ ಇದೆ. ಇದನ್ನು ನನಗೆ ಕಲಿಸಿದ್ದು ಸವದತ್ತಿ ಕಡೆಯ ಮಾಜಿ ದೇವದಾಸಿಯರ ಬದುಕಿನ ಬಗ್ಗೆ ಬರೆದ ಒಬ್ಬ ಹುಡುಗಿ. ಮುತ್ತು ಕಟ್ಟುವುದನ್ನು ನಿಷೇಧಿಸಿ 1982ರಲ್ಲೇ ರಾಜ್ಯ ಕಾಯ್ದೆ ಮಾಡಿದೆ. ಆದರೆ ಆ ಹೆಂಗಸರ ಮಕ್ಕಳು ಇವತ್ತು ಎಲ್ಲೆಲ್ಲೋ ನೌಕರಿಯಲ್ಲಿದ್ದಾರೆ, ಸೊಸೆ ಅಳಿಯ ಬಂದಿದ್ದಾರೆ. ಸಂದರ್ಶನಗಳ ಫೈಲು ಕೊಟ್ಟು ಹೋದ ಹುಡುಗಿ ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದಳು. “ಅಕ್ಕಾ, ನಿನ್ನೆ ಕೊಟ್ಟದ್ದರಾಗ ಖರೇ ಹೆಸರು ಅದಾವ್ರಿ. ತಪ್ಪಿ ಕೊಟ್ಟೆ.” ಹೆಸರು, ಊರು ಬದಲಿಸಿದ ಫೈಲು ಕೊಟ್ಟು, ಹಳೆಯದನ್ನು ತನ್ನ ಎದುರಿಗೇ ಅಳಿಸಲು ಹೇಳಿದಳು. ಅಳಿಸಿದೆ. “ರಿಸೈಕಲ್ ಬಿನ್ ಸೈತ ಖಾಲಿ ಮಾಡ್ರಿ” ಎಂದಳು. ಮಾಡಿದೆ. ಹಿಂದಿನ ದಿನ ತೆಗೆದಿದ್ದ ನಾಲ್ಕು ಪ್ರಿಂಟ್ ಹಾಳೆಗಳನ್ನೂ ಚೂರು ಮಾಡಿ ಬ್ಯಾಗಿಗೆ ಹಾಕಿಕೊಂಡಳು. ಅವರಲ್ಲೊಬ್ಬಾಕೆ ಎಲ್ಲ ಹೇಳಿದ ಮೇಲೆ ‘ಇದು ಬ್ಯಾಡವ್ವಾ’ ಅಂದಿದ್ದಳಂತೆ; ಹತ್ತು ಪುಟದ ಆ ಸಂದರ್ಶನ ಪ್ರಬಂಧದಲ್ಲಿ ಇರಲೇ ಇಲ್ಲ. ಮಾತು ಕೊಟ್ಟವರು ಅದನ್ನು ವಾಪಸು ಕೇಳಬಹುದು ಎಂಬುದು ನನಗೆ ಅವತ್ತಿನವರೆಗೆ ಹೊಳೆದಿರಲಿಲ್ಲ.

ಈಗ ನನ್ನ ತಪ್ಪು. ಅಂಗಡಿ ತೆರೆದ ಹೊಸತು. ಮರುದಿನ ಪ್ರಬಂಧ ಸಲ್ಲಿಸಬೇಕಿದ್ದ ಒಬ್ಬರು ರಾತ್ರಿ ಹನ್ನೊಂದರವರೆಗೆ ಪಕ್ಕದಲ್ಲೇ ಕೂತಿದ್ದರು. ಮೂರನೇ ಅಧ್ಯಾಯದ ಒಂದು ಅಡಿಟಿಪ್ಪಣಿಯಲ್ಲಿ ಪುಸ್ತಕದ ಹೆಸರಿತ್ತು, ‘ಪು.’ ಮುಂದೆ ಖಾಲಿ. “ಎಲ್ಲ್ಯೋ ನೂರರ ಆಸುಪಾಸು ಇರಬೇಕು, ಏನರ ಒಂದು ಹಾಕ್ರಿ” ಎಂದರು. ನಮ್ಮ ಮನೆಯ ನಂಬರ್ 118. ಅದನ್ನೇ ಹೊಡೆದೆ.

ಹೋದ ವರ್ಷ ಬೇರೊಬ್ಬ ಹುಡುಗನ ಅಧ್ಯಾಯ ಟೈಪ್ ಮಾಡುತ್ತಿದ್ದೆ. ಅದೇ ಪುಸ್ತಕ, ಅದೇ ವಾಕ್ಯ, ‘ಪು. 118’. ಕೈ ನಿಂತಿತು. ಈಗ ಮಹಾಪ್ರಬಂಧಗಳನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾದಲ್ಲಿ ಯಾರು ಬೇಕಾದರೂ ತೆರೆದು ಓದಬಹುದು. ಆ ಹಳೆಯದೂ ಅಲ್ಲಿ ಸೇರಿತ್ತು.

“ಈ ಪುಸ್ತಕ ನೀ ನೋಡೀಯೇನೋ ತಮ್ಮಾ?”

“ಹೂಂ ಅಕ್ಕಾ.”

“118ನೇ ಪುಟ?”

ಅವನು ಮೊಬೈಲು ನೋಡತೊಡಗಿದ. ನಾನು ನನ್ನ ಮನೆಯ ನಂಬರಿನ ಕಥೆ ಹೇಳಿದೆ. ಮೊದಲು ನಕ್ಕ, ಆಮೇಲೆ ಮುಖ ಸಣ್ಣದಾಯಿತು. ಪೆನ್‌ಡ್ರೈವ್ ಕಿತ್ತುಕೊಂಡು ಹೋದವನು ಇನ್ನು ಪಕ್ಕದಂಗಡಿಗೇ ಎಂದುಕೊಂಡೆ. ಸಂಜೆ ಗ್ರಂಥಾಲಯದಿಂದ ನೇರ ಬಂದ. ಪುಸ್ತಕದಲ್ಲಿ ಇದ್ದದ್ದೇ 96 ಪುಟ. ವಾಕ್ಯ 41ನೇ ಪುಟದಲ್ಲಿತ್ತು, ಫೋಟೋ ಹೊಡೆದುಕೊಂಡು ಬಂದಿದ್ದ. ಹಿಗ್ಗಿಸಿ ನೋಡಿದೆ. ವಾಕ್ಯ ಅದೇ, ಆದರೆ ಮೂಲ ಲೇಖಕರು ಆರಂಭದಲ್ಲಿ ‘ಬಹುಶಃ’ ಎಂದು ಬರೆದಿದ್ದರು. ಅವರು ಅನುಮಾನವಾಗಿ ಹೇಳಿದ್ದು ಆ ರಾತ್ರಿಯ ಪ್ರಬಂಧದಲ್ಲಿ ಖಚಿತವಾಗಿತ್ತು, ಈ ಹುಡುಗನ ಅಧ್ಯಾಯದಲ್ಲಿ ಅದರ ಮೇಲೆ ಮೂರು ಪ್ಯಾರಾ ಎದ್ದಿದ್ದವು.

ಆ ಮೂರೂ ಪ್ಯಾರಾ ಅವನೇ ಅಳಿಸಿದ. ನಾನು ‘ಬಹುಶಃ’ ಸೇರಿಸಿ, 41 ಅಂತ ತಿದ್ದಿದೆ. ಶೋಧಗಂಗಾದ ಹಳೆಯ ಪ್ರಬಂಧದಲ್ಲಿ ಮಾತ್ರ ಇವತ್ತಿಗೂ ನಮ್ಮ ಮನೆಯ ನಂಬರೇ ಇದೆ.